ಚಂಚಲ ಮಗು ಮತ್ತು ನೆರವಾಗುವವರ ಪೂರ್ವಗ್ರಹ

ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸ್ಥಿತಿಯನ್ನು ಆಧುನಿಕ ವೈದ್ಯಶಾಸ್ತ್ರವು ಎಡಿಎಚ್‌ಡಿ ಎಂದು ಕರೆಯುತ್ತದೆ. ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಬಹುಮಟ್ಟಿಗೆ ಅನುವಂಶೀಯವಾದುದು. ಜಗತ್ತಿನಲ್ಲಿ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇದೆಯೆಂದು ಅಂದಾಜು. ಅಂದರೆ 40 ಮಕ್ಕಳ ತರಗತಿಯಲ್ಲಿ ಒಬ್ಬಿಬ್ಬರು. ಇಂತಹ ಮಗುವಿಗೆ ಆಸರೆಯಾಗಬೇಕಾದ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ವೈದ್ಯರಲ್ಲಿಯೂ ಕೆಲವು ಪೂರ್ವಗ್ರಹಗಳು ಉಳಿದಿವೆ. ಅವುಗಳನ್ನು ಇಲ್ಲಿ ವಿಚಾರ ಮಾಡೋಣ.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂತಹ ಮಕ್ಕಳನ್ನು ವಿವರಿಸುತ್ತ, ಬುದ್ಧಿ ಸರಿಯಾಗಿದ್ದರೂ ನೈತಿಕ ಹತೋಟಿ ಕಡಿಮೆಯೆಂದರು. ಆ ಹೆಸರು ಇಂದಿಲ್ಲ. ಮಗುವಿನ ನಡತೆಯನ್ನೇ ದೂರುವ ಅಭ್ಯಾಸ ಮಾತ್ರ ಇನ್ನೂ ಇದೆ.

“ಓಡಾಡುವ ಹುಡುಗನಿಗೆ ಮಾತ್ರ ಈ ತೊಂದರೆ.” ಹಿಂದಿನ ಸಾಲಿನಲ್ಲಿ ಕಿಟಕಿಯತ್ತ ನೋಡುತ್ತ ಸುಮ್ಮನೆ ಕುಳಿತ ಹುಡುಗಿಗೂ ಇರಬಹುದು. ಅವಳು ಯಾರಿಗೂ ಉಪದ್ರವ ಕೊಡುವುದಿಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. “ದಡ್ಡಿ” ಎಂಬ ಹೆಸರು ಹೊತ್ತು ಶಾಲೆ ಬಿಡುತ್ತಾಳೆ. ಪೂರ್ವಗ್ರಹದಿಂದಾಗುವ ಅತಿದೊಡ್ಡ ನಷ್ಟವಿದು.

“ಮೊಬೈಲ್ ಎರಡು ಗಂಟೆ ನೋಡುತ್ತಾನೆ, ಪಾಠಕ್ಕೆ ಮಾತ್ರ ಗಮನವಿಲ್ಲವೇ?” ಕ್ಷಣಕ್ಷಣಕ್ಕೂ ಬದಲಾಗುವ ದೃಶ್ಯ ಗಮನವನ್ನು ತಾನೇ ಎಳೆದು ಹಿಡಿಯುತ್ತದೆ. ರುಚಿಸದ ಕೆಲಸದಲ್ಲಿ ಮನಸ್ಸನ್ನು ನಿಲ್ಲಿಸುವುದೇ ಈ ಮಗುವಿಗೆ ಕಷ್ಟ. ಅದನ್ನು ಸೋಮಾರಿತನವೆನ್ನಲಾಗದು.

“ತಾಯಿಯ ಮುದ್ದು ಹೆಚ್ಚಾಯಿತು.” ಮುದ್ದಿನಿಂದ ಈ ಸ್ಥಿತಿ ಹುಟ್ಟುವುದಿಲ್ಲ. ಹೀಗೆ ಒಮ್ಮೆ ಅನ್ನಿಸಿಕೊಂಡ ತಾಯಿ ಮತ್ತೆ ಸಲಹೆ ಕೇಳಲು ಬಾರದೆ ಹೋಗಬಹುದು.

“ಇದು ವಾತಪ್ರಕೃತಿ, ಒಂದೆಲಗ ಕೊಡಿ ಸಾಕು.” ಈ ಮಾತು ನಮ್ಮ ಆಯುರ್ವೇದ ವೃತ್ತಿಯಲ್ಲಿ ಕೇಳಿಬರುವುದು. ಪ್ರಕೃತಿಯೆಂದರೆ ಹುಟ್ಟಿನಿಂದ ಬಂದ ದೇಹಸ್ವಭಾವ, ಅದು ರೋಗನಿರ್ಣಯವಲ್ಲ. ಮಂಡೂಕಪರ್ಣಿ, ಯಷ್ಟಿಮಧು, ಅಮೃತಬಳ್ಳಿ, ಶಂಖಪುಷ್ಪಿ ಇವುಗಳನ್ನು ಚರಕ ಸಂಹಿತೆಯು ಮೇಧ್ಯ ರಸಾಯನಗಳೆಂದು ಹೇಳಿದೆ. ಆದರೆ ಇವನ್ನು ನೆಚ್ಚಿ ತಪಾಸಣೆಯನ್ನು ಮುಂದೂಡುವುದಾಗಲಿ, ಮನೋವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸುವುದಾಗಲಿ ಸಲ್ಲದು.

ಇದಕ್ಕೆ ವಿರುದ್ಧವಾದ ಆತುರವೂ ತಪ್ಪು. ತುಂಟ ಮಕ್ಕಳೆಲ್ಲರಿಗೂ ಈ ಹೆಸರನ್ನು ಅಂಟಿಸಬಾರದು. ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ತೋರಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಯಾದರೂ ಕಾಣಬೇಕು. ಕಿವಿ, ಕಣ್ಣು, ನಿದ್ರೆ, ರಕ್ತಹೀನತೆ ಇವುಗಳನ್ನೂ ಪರೀಕ್ಷಿಸಬೇಕು. ಕೇಳಿಸದ ಮಗುವೂ ಗಮನವಿಲ್ಲದಂತೆಯೇ ಕಾಣುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಸೇರಿದೆ. ಅದರ ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದಾಗ ಶಿಕ್ಷಕರು ಗಲಾಟೆ ಮಾಡುವವನ ಜೊತೆಗೆ ಮೌನವಾಗಿ ಹಿಂದುಳಿದವಳ ಹೆಸರನ್ನೂ ಹೇಳಬೇಕು. ಹರದನಹಳ್ಳಿಯ ಸುತ್ತಲಿನವರಿಗೆ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರದಲ್ಲಿದೆ. ಶ್ರವಣ ಮತ್ತು ಮಾತಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು, ಒಮ್ಮೆಗೆ ಒಂದೇ ಸೂಚನೆ ಕೊಡುವುದು, ದೊಡ್ಡ ಕೆಲಸವನ್ನು ಸಣ್ಣದಾಗಿ ಹಂಚಿಕೊಡುವುದು, ಮಾಡಿದೊಡನೆ ಮೆಚ್ಚುವುದು: ಇವಕ್ಕೆ ಖರ್ಚಿಲ್ಲ, ನಾಳೆಯಿಂದಲೇ ಆರಂಭಿಸಬಹುದು. ಭಕ್ತರಲ್ಲಿ ಶಿಕ್ಷಕರು, ದಾದಿಯರು, ಆಶಾ ಕಾರ್ಯಕರ್ತೆಯರು ಅನೇಕರಿದ್ದೀರಿ. ಮುಂದೆ ಇಂತಹ ಮಗು ಎದುರಾದಾಗ ಹೆಸರಿಡುವ ಮೊದಲು ಅದರ ತಾಯಿಯ ಮಾತನ್ನು ಪೂರ್ತಿಯಾಗಿ ಕೇಳಿರೆಂದು ನಾವು ಕೋರುತ್ತೇವೆ.