ಸಾಕ್ಷ್ಯಚಿತ್ರವು ಎಷ್ಟರಮಟ್ಟಿಗೆ ಸಾಕ್ಷ್ಯ?

ಸಾಕ್ಷ್ಯಚಿತ್ರವೆಂಬ ಹೆಸರಿನಲ್ಲಿಯೇ ಒಂದು ವಾಗ್ದಾನವಿದೆ. ತೆರೆಯ ಮೇಲೆ ತೋರುವುದು ನಿಜವಾಗಿ ನಡೆದುದೆಂದು ಪ್ರೇಕ್ಷಕನು ನಂಬುತ್ತಾನೆ. ಆದರೆ ಛಾಯಾಗ್ರಾಹಕನು ಒಂದು ನೋಟವನ್ನು ಆಯ್ದು ಉಳಿದುದನ್ನು ಬಿಡುತ್ತಾನೆ. ಸಂಕಲನಕಾರನು ತುಣುಕುಗಳನ್ನು ಕ್ರಮಗೊಳಿಸುತ್ತಾನೆ. ನಿರೂಪಕನ ಧ್ವನಿ ಅವುಗಳಿಗೆ ಅರ್ಥವನ್ನು ಕೊಡುತ್ತದೆ. ಹೀಗಿರುವಲ್ಲಿ ಇಂಥ ಚಿತ್ರವನ್ನು ಸಾಕ್ಷ್ಯವೆಂದು ಎಷ್ಟರಮಟ್ಟಿಗೆ ಸ್ವೀಕರಿಸಬಹುದು? ವ್ಯಕ್ತಿ, ಇತಿಹಾಸ, ವನ್ಯಜೀವನ ಎಂಬ ಮೂರು ವಸ್ತುಗಳಲ್ಲಿ ಇದನ್ನು ಪರಿಶೀಲಿಸೋಣ.

ಗಿರೀಶ ಕಾರ್ನಾಡರು 1972ರಲ್ಲಿ ದ. ರಾ. ಬೇಂದ್ರೆಯವರನ್ನು ಕುರಿತು ಒಂದು ಚಿತ್ರವನ್ನು ನಿರ್ದೇಶಿಸಿದರು. ಕವಿ 1981ರಲ್ಲಿ ದಿವಂಗತರಾದರು. ಅವರ ಕಾವ್ಯವು ಪುಸ್ತಕದಲ್ಲಿ ಉಳಿದಿದೆ. ಮುಖಭಾವ, ಮಾತಿನ ಏರಿಳಿತಗಳು ಪುಸ್ತಕದಲ್ಲಿ ಉಳಿಯುವಂಥವಲ್ಲ. ಆದಕಾರಣ ಇಲ್ಲಿ ಚಿತ್ರವೇ ಮೂಲ ದಾಖಲೆ. ಕ್ಯಾಮರಾದ ಮುಂದೆ ಇರುವವನಿಗೆ ತನ್ನನ್ನು ನೋಡುತ್ತಿದ್ದಾರೆಂಬ ಅರಿವು ಇದ್ದೇ ಇರುತ್ತದೆಂಬುದನ್ನು ಮಾತ್ರ ಮರೆಯಲಾಗದು.

ಇತಿಹಾಸದ ಚಿತ್ರಕ್ಕೆ ಈ ಅನುಕೂಲವಿಲ್ಲ. ಕಾರ್ನಾಡರೇ 1988ರಲ್ಲಿ ನಿರ್ದೇಶಿಸಿದ ‘ಕನಕ ಪುರಂದರ’ದ ನಾಯಕರನ್ನು ಯಾವ ಕ್ಯಾಮರಾವೂ ಕಂಡಿಲ್ಲ. ಇಂಥಲ್ಲಿ ನಮಗೆ ದೊರೆಯುವುದು ಕೃತಿ, ಸ್ಥಳ, ಶಾಸನ ಮತ್ತು ಜನರ ನೆನಪು ಮಾತ್ರ. ಆದುದರಿಂದ ಐತಿಹಾಸಿಕ ಚಿತ್ರವು ಸಾಕ್ಷ್ಯಗಳನ್ನು ಮುಂದಿಡುವ ಒಂದು ವ್ಯಾಖ್ಯಾನ; ಪ್ರತೀತಿಯನ್ನು ಪ್ರತೀತಿಯೆಂದೇ ಹೇಳುವುದು ಅದರ ಧರ್ಮ.

ವನ್ಯಜೀವಿಯು ನಟಿಸುವುದಿಲ್ಲವಾದರೂ ಅದರ ಚಿತ್ರಣದಲ್ಲಿ ಕೌಶಲದ ಪಾತ್ರ ದೊಡ್ಡದು. ದೂರದರ್ಶಕ ಮಸೂರವು ಬಹುದೂರದ ಪ್ರಾಣಿಯನ್ನು ಹತ್ತಿರಕ್ಕೆ ತರುತ್ತದೆ. ಅದರ ಹೆಜ್ಜೆಯ ಸದ್ದು ಅಷ್ಟು ದೂರಕ್ಕೆ ಕೇಳಿಸದು. ಆದಕಾರಣ ಅನೇಕ ವೇಳೆ ಧ್ವನಿಯನ್ನು ಅನಂತರ ಸೇರಿಸುತ್ತಾರೆ. ಒಂದೇ ಬೇಟೆಯೆಂದು ತೋರುವುದು ಹಲವು ದಿನಗಳ ತುಣುಕುಗಳ ಜೋಡಣೆಯೂ ಆಗಿರಬಹುದು. ಕೃಪಾಕರ ಮತ್ತು ಸೇನಾನಿಯವರು ಕೆನ್ನಾಯಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರಿಸಿದುದರ ಬೆಲೆ ಇಲ್ಲಿ ತಿಳಿಯುತ್ತದೆ: ದೀರ್ಘಕಾಲದ ಅವಲೋಕನವು ಜೋಡಣೆಗೆ ಒಂದು ಆಧಾರವನ್ನು ಒದಗಿಸುತ್ತದೆ. ಇನ್ನು 2020ರಲ್ಲಿ ತೆರೆಕಂಡ ‘ವೈಲ್ಡ್ ಕರ್ನಾಟಕ’ಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ, ಕನ್ನಡದಲ್ಲಿ ರಿಷಬ್ ಶೆಟ್ಟಿ ಧ್ವನಿ ನೀಡಿದರು. ದೃಶ್ಯ ಒಂದೇ ಆದರೂ ನಿರೂಪಣೆ ಎರಡಾಗಬಲ್ಲದು. ಆದ್ದರಿಂದ ಕಂಡುದನ್ನೂ ಕೇಳಿದುದನ್ನೂ ಬೇರೆ ಬೇರೆಯಾಗಿ ತೂಗಿ ನೋಡಬೇಕು.

ನಮ್ಮ ನಗರದ ಪಶ್ಚಿಮ ಭಾಗದಲ್ಲಿಯೇ ಈ ಮೂರೂ ಕೂಡುವ ಒಂದು ವಸ್ತುವಿದೆ. ಅದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ಹುಟ್ಟಿತೆಂದು ಪ್ರತೀತಿಯುಳ್ಳ ಈ ಹೊಳೆಯು ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಾಲಯದ ಸಮೀಪದಲ್ಲಿ, ಕೆಂಗೇರಿಯ ಮಾರ್ಗವಾಗಿ ಹರಿದು ಅರ್ಕಾವತಿಯನ್ನು ಸೇರುತ್ತದೆ. ಇಂದು ಇದರಲ್ಲಿ ಹರಿಯುವುದು ಬಹುಪಾಲು ಚರಂಡಿಯ ಮತ್ತು ಕಾರ್ಖಾನೆಗಳ ಕೊಳಕು ನೀರು. ನಿರ್ಮಲವಾಗಿದ್ದ ಹೊಳೆಯನ್ನು ಕಂಡ ಹಿರಿಯರ ಮಾತು, ದೇವಾಲಯವನ್ನು ವ್ಯಾಸರಾಯರು ಸ್ಥಾಪಿಸಿದರೆಂಬ ಐತಿಹ್ಯ, ದಂಡೆಯಲ್ಲಿ ಇನ್ನೂ ಉಳಿದಿರುವ ಹಕ್ಕಿಗಳು, ಇವು ಮೂರು ಬಗೆಯ ಸಾಕ್ಷ್ಯಗಳು. ಮೂರಕ್ಕೂ ಒಂದೇ ಪರೀಕ್ಷೆ ಸಲ್ಲದು.

ಇಂಥ ಕೆಲಸಕ್ಕೆ ತೊಡಗುವ ವಿದ್ಯಾರ್ಥಿಯು ಪ್ರತಿಯೊಂದು ತುಣುಕಿನೊಡನೆ ದಿನಾಂಕ, ಸ್ಥಳ, ಮಾತನಾಡಿದವರ ಹೆಸರುಗಳನ್ನು ಬರೆದಿಡಬೇಕು. ಸಂಕಲಿತ ಚಿತ್ರದ ಜೊತೆಗೆ ಕತ್ತರಿಸದ ಮೂಲವನ್ನೂ ಕಾಪಾಡಬೇಕು. ಯಂತ್ರವೇ ಚಿತ್ರವನ್ನು ಸೃಷ್ಟಿಸಬಲ್ಲ ಈ ಕಾಲದಲ್ಲಿ ಇದರ ಅಗತ್ಯ ಹೆಚ್ಚಿದೆ. ಐವತ್ತು ವರ್ಷಗಳ ಅನಂತರ ಹೊಳೆ ಹೇಗಿತ್ತೆಂದು ಕೇಳುವವನಿಗೆ ಸುಂದರವಾದ ಚಿತ್ರಕ್ಕಿಂತಲೂ ಈ ಮೂಲ ತುಣುಕುಗಳೇ ಹೆಚ್ಚು ಪ್ರಯೋಜನಕ್ಕೆ ಬಂದಾವು.