ಆರಿಸಿ ಬಂದವರೋ, ನೇಮಕವಾಗಿ ಬಂದವರೋ?



ಅರಳಿಕಟ್ಟೆಯ ಮೇಲೆ ಮಾತು ಚುನಾವಣೆಯ ಕಡೆಗೆ ತಿರುಗಿತೆಂದರೆ ಹಿರಿಯರೊಬ್ಬರು ಹೀಗೆನ್ನುವುದುಂಟು: "ಈ ಓಟು, ಪಕ್ಷ, ಮನೆಮನೆಗೆ ಜಗಳ ಇವೆಲ್ಲ ಯಾಕಪ್ಪ ಬೇಕು? ಓದುಬರಹ ಬಲ್ಲ ಒಬ್ಬ ಪ್ರಾಮಾಣಿಕ ಅಧಿಕಾರಿಯನ್ನು ಸರ್ಕಾರವೇ ನೇಮಿಸಿದರೆ ಕೆಲಸ ತಾನಾಗಿ ನಡೆಯುತ್ತದೆ." ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅದಕ್ಕೆ ಆಧಾರವೂ ಉಂಟು. ನಮ್ಮ ನಾಡಿನಲ್ಲಿ ಎರಡು ಬಗೆಯ ಆಡಳಿತವೂ ನಡೆದಿರುವುದರಿಂದ ಯಾವುದರಲ್ಲಿ ಏನಾಯಿತೆಂದು ನೋಡಿಯೇ ತೀರ್ಮಾನಕ್ಕೆ ಬರಬಹುದು.

ಹಳೆಯ ಮೈಸೂರು ಸಂಸ್ಥಾನದ ದಿವಾನರೆಲ್ಲರೂ ನೇಮಕವಾದವರೇ. ಅವರನ್ನು ಯಾವ ರೈತನೂ ಓಟು ಹಾಕಿ ಆರಿಸಿರಲಿಲ್ಲ. ಆದರೂ ಮಾರಿಕಣಿವೆಯ ಕೆರೆ ಕಟ್ಟಿದ್ದು, ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು, ೧೯೧೧ರಲ್ಲಿ ಕನ್ನಂಬಾಡಿಯ ಅಣೆಕಟ್ಟೆಯ ಕೆಲಸ ಮೊದಲಾದದ್ದು ಇಂಥವರ ಕಾಲದಲ್ಲಿಯೇ. ನೇಮಕವಾದವರಿಂದ ಒಳ್ಳೆಯ ಕೆಲಸ ಆಗದು ಎನ್ನುವವನು ಒಮ್ಮೆ ಮಂಡ್ಯದ ನಾಲೆಯ ಏರಿಯ ಮೇಲೆ ನಡೆದು ಬರಲಿ.

ಆದರೆ ಆ ದಿವಾನರಲ್ಲೇ ಒಬ್ಬರಾದ ರಂಗಾಚಾರ್ಲು ಅವರಿಗೆ ಇಷ್ಟು ಸಾಲದೆಂದು ತೋರಿತು. ಭೀಕರ ಕ್ಷಾಮ ಮುಗಿದು ಕೆಲವೇ ವರ್ಷಗಳಾಗಿದ್ದವು. ರಾಜ್ಯವು ಬ್ರಿಟಿಷರ ಕೈಯಿಂದ ಅರಸರಿಗೆ ಮರಳಿದ ೧೮೮೧ರಲ್ಲಿಯೇ, ಅಕ್ಟೋಬರ್ ೭ರಂದು, ದಸರೆಯ ಸಮಯದಲ್ಲಿ ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನವು ಮೈಸೂರಿನಲ್ಲಿ ಸೇರಿತು. ಬಂದವರು ೧೪೪ ಮಂದಿ, ತಾಲ್ಲೂಕುಗಳ ಭೂಹಿಡುವಳಿದಾರರು ಮತ್ತು ವರ್ತಕರು. ಅವರನ್ನು ಕೂಡ ಜನರು ಆರಿಸಿರಲಿಲ್ಲ. ೧೮೯೧ರಲ್ಲಿ ಚುನಾವಣೆ ಬಂದರೂ ಕಂದಾಯ ಹೆಚ್ಚು ಕಟ್ಟುವವರಿಗೂ ಪದವೀಧರರಿಗೂ ಮಾತ್ರ ಓಟು ಸಿಕ್ಕಿತು. ಹೊಲದಲ್ಲಿ ಕೂಲಿ ಮಾಡುವವನಿಗೆ ಅಲ್ಲಿ ಜಾಗವಿರಲಿಲ್ಲ.

ಈ ಸಭೆಯವರು ಅಹವಾಲು ಹೇಳಬಹುದಾಗಿತ್ತು. ತೀರ್ಮಾನ ಮಾತ್ರ ದಿವಾನರದು. ೧೯೦೭ರಲ್ಲಿ ಕಾನೂನು ಮಾಡಲು ನ್ಯಾಯವಿಧಾಯಕ ಸಭೆಯನ್ನು ಏರ್ಪಡಿಸಿದಾಗ ಅದನ್ನು ನೇಮಕವಾದವರಿಂದಲೇ ತುಂಬಿದರು. ೧೯೨೩ರ ಸುಧಾರಣೆಯಲ್ಲಿ ಆ ಸಭೆಯ ೫೦ ಸದಸ್ಯರ ಪೈಕಿ ೨೨ ಮಂದಿ ಮಾತ್ರ ಆರಿಸಿ ಬಂದವರಾದರು. ಹೊಸ ತೆರಿಗೆ ಹಾಕುವ ಮುಂಚೆ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳತಕ್ಕದ್ದೆಂಬ ನಿಯಮವೂ ಆಗಲೇ ಬಂತು. ಕೇಳುವುದು ಬೇರೆ, ಕೇಳಿದ್ದಕ್ಕೆ ಕಟ್ಟುಬೀಳುವುದು ಬೇರೆ. ದಿವಾನರು ಒಳ್ಳೆಯವರಾಗಿದ್ದರೆ ರೈತನ ಅದೃಷ್ಟ. ಅಲ್ಲದಿದ್ದರೆ ಅವರನ್ನು ಇಳಿಸುವ ದಾರಿ ರೈತನ ಕೈಯಲ್ಲಿರಲಿಲ್ಲ.

ಇನ್ನು ನಮ್ಮ ಹಳ್ಳಿಗೆ ಹತ್ತಿರದ ಸಂಗತಿಗೆ ಬರೋಣ. 'ನೀರ್ ಸಾಬ್' ಎಂದು ಜನ ಪ್ರೀತಿಯಿಂದ ಕರೆದ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಪ್ರಯತ್ನದಿಂದ ೧೯೮೩ರ ಕಾಯಿದೆ ಸಿದ್ಧವಾಗಿ, ೧೯೮೭ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ನಾಲ್ಕರಲ್ಲೊಂದು ಭಾಗ ಸ್ಥಾನ ಹೆಂಗಸರಿಗೆಂದು ಮೀಸಲಾಯಿತು. ಅಲ್ಲಿಯವರೆಗೆ ಜಿಲ್ಲೆಯ ಅಭಿವೃದ್ಧಿ ಮಂಡಳಿಗೆ ಡೆಪ್ಯುಟಿ ಕಮಿಷನರರೇ ಅಧ್ಯಕ್ಷರು. ಈಗ ಆರಿಸಿ ಬಂದವರು ಅಧ್ಯಕ್ಷರಾದರು, ಐ.ಎ.ಎಸ್. ಅಧಿಕಾರಿ ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾದರು.

ಇದರ ಫಲವೇನು? ಆ ವರ್ಷಗಳನ್ನು ಪರಿಶೀಲಿಸಿದವರು ಮುಖ್ಯವಾಗಿ ಕಂಡದ್ದು ಒಂದು ಸಣ್ಣ ಸಂಗತಿ: ಶಾಲೆಯ ಮೇಷ್ಟರೂ ಆಸ್ಪತ್ರೆಯ ಡಾಕ್ಟರೂ ಮೊದಲಿಗಿಂತ ಸರಿಯಾಗಿ ಕೆಲಸಕ್ಕೆ ಬರತೊಡಗಿದ್ದರು. ಮೇಷ್ಟರು ಅವರೇ, ಸಂಬಳ ಅದೇ, ಶಾಲೆಯ ಕಟ್ಟಡವೂ ಅದೇ. ಬದಲಾದದ್ದು ಇಷ್ಟೇ: ಶಾಲೆಗೆ ಬೀಗ ಬಿದ್ದಿದೆಯೆಂದು ಹೇಳಲು ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಬೇಕಾಗಿರಲಿಲ್ಲ. ಪಕ್ಕದ ಬೀದಿಯಲ್ಲಿ ಒಬ್ಬ ಮೆಂಬರು ಇದ್ದ. ಅವನ ಮಗುವೂ ಅದೇ ಶಾಲೆಗೆ ಹೋಗುತ್ತಿರಬಹುದು. ಮುಂದಿನ ಸಲ ಅವನು ನಿಮ್ಮ ಬಾಗಿಲಿಗೇ ಓಟು ಕೇಳಲು ಬರಬೇಕು. ಆರಿಸಿ ಬಂದವನು ನೇಮಕವಾದವನಿಗಿಂತ ಬುದ್ಧಿವಂತನೆಂದಾಗಲಿ ಒಳ್ಳೆಯವನೆಂದಾಗಲಿ ನಾವು ಹೇಳುತ್ತಿಲ್ಲ. ಎಷ್ಟೋ ಸಲ ಅಲ್ಲ. ಅವನು ಯಾರ ಮುಂದೆ ಬಂದು ನಿಲ್ಲಬೇಕು ಎಂಬುದೇ ವ್ಯತ್ಯಾಸ. ಅಧಿಕಾರಿಯ ಬಡ್ತಿ, ವರ್ಗ ಎರಡೂ ಮೇಲಿನವರ ಕೈಯಲ್ಲಿ. ಆದ್ದರಿಂದ ಅವರ ಕಣ್ಣು ಮೇಲಕ್ಕೇ ಇರುವುದು ಸಹಜ.

೧೯೯೨ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಬಂದರು. ಹಳ್ಳಿಗಳಲ್ಲಿ ಮತ್ತೆ ಓಟು ನಡೆದದ್ದು ೧೯೯೩ರ ಡಿಸೆಂಬರಿನಲ್ಲಿ. ಅದೇ ವರ್ಷ ಜಾರಿಗೆ ಬಂದ ಸಂವಿಧಾನದ ೭೩ನೆಯ ತಿದ್ದುಪಡಿಯು, ಐದು ವರ್ಷದ ಅವಧಿ ತೀರುವ ಮುನ್ನವೇ ಚುನಾವಣೆ ಮುಗಿಸಬೇಕೆಂದು ವಿಧಿಸಿತು. ಆದರೂ ೨೦೨೦ರಲ್ಲಿ ಕೊರೋನಾ ಕಾರಣದಿಂದ ಗ್ರಾಮ ಪಂಚಾಯತಿಗಳ ಚುನಾವಣೆ ಡಿಸೆಂಬರಿಗೆ ಹೋಯಿತು. ನಡುವಿನ ತಿಂಗಳುಗಳಲ್ಲಿ ತಾಲ್ಲೂಕಿನ ಅಧಿಕಾರಿಗಳಿಗೆ, ಕೆಲವರಿಗೆ ಒಂದಕ್ಕಿಂತ ಹೆಚ್ಚು ಪಂಚಾಯತಿಗಳ ಹೊಣೆ ಬಿತ್ತು. ತಮ್ಮ ಇಲಾಖೆಯ ಕೆಲಸವನ್ನೂ ನೋಡಿಕೊಂಡು ಅವರು ಎಷ್ಟು ಹಳ್ಳಿ ಸುತ್ತಿಯಾರು? ೨೦೨೧ರಲ್ಲಿ ಅವಧಿ ಮುಗಿದ ತಾಲ್ಲೂಕು, ಜಿಲ್ಲಾ ಪಂಚಾಯತಿಗಳಂತೂ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ಉಳಿದವು. ಇದಕ್ಕಾಗಿ ಹಳ್ಳಿಗಳಲ್ಲಿ ದೊಡ್ಡ ಕೂಗೇನೂ ಎದ್ದಂತೆ ನಮಗೆ ಕಾಣಲಿಲ್ಲ. ಇದು ಯೋಚಿಸತಕ್ಕ ವಿಷಯ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅದೇ ೨೦೨೦ರ ಚುನಾವಣೆಯಲ್ಲಿ ರಾಜ್ಯದ ಕೆಲವು ಹಳ್ಳಿಗಳಲ್ಲಿ ಪಂಚಾಯತಿ ಸ್ಥಾನಗಳನ್ನು ಹರಾಜು ಹಾಕಿದರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹಣ ದೇವಸ್ಥಾನಕ್ಕೆ, ಸ್ಥಾನ ಹಣ ಕೊಟ್ಟವನಿಗೆ. ಊರಲ್ಲಿ ಜಗಳವೂ ಇಲ್ಲವೆಂಬ ಸಮಾಧಾನ ಬೇರೆ. ಸಂತೆಯಲ್ಲಿ ಎತ್ತು ಕೊಂಡವನು ಅದನ್ನು ಹೇಗೆ ದುಡಿಸಿದೆಯೆಂದು ಮಾರಿದವನಿಗೆ ಲೆಕ್ಕ ಕೊಡುತ್ತಾನೆಯೆ? ಹಾಗೆ ಬಂದ ಮೆಂಬರಿಗೂ ನೇಮಕವಾದವರಿಗೂ ಏನು ಭೇದ? ಅಧಿಕಾರಿಗೆ ಮೇಲಿನವರ ಭಯವಾದರೂ ಇರುತ್ತದೆ. ಇವನಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ.

ಓಟು ಐದು ವರ್ಷಕ್ಕೊಮ್ಮೆ ಬರುತ್ತದೆ. ಗ್ರಾಮಸಭೆಯಾದರೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕೆಂದು ಕಾಯಿದೆಯಲ್ಲಿದೆ. ವರ್ಷಕ್ಕೊಂದು ಸಲ ಜಮಾಬಂದಿಯೂ ಉಂಟು. ಆ ದಿನ ಪಂಚಾಯತಿಯ ಜಮಾಖರ್ಚಿನ ಪುಸ್ತಕವನ್ನು ಜನರ ಮುಂದೆ ತೆರೆಯಬೇಕು. ಮುಂದಿನ ಜಮಾಬಂದಿಗೆ ಹೋಗುವಾಗ ನಿಮ್ಮ ಬೀದಿಯ ಚರಂಡಿಗೆ, ಕುಡಿಯುವ ನೀರಿನ ಪೈಪಿಗೆ ಖರ್ಚು ಬರೆದಿದೆಯೇ, ಬರೆದಿದ್ದರೆ ಎಷ್ಟು ಎಂಬುದನ್ನು ಕೇಳಿ ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಹಿಂತಿರುಗುವಾಗ ಆ ಚರಂಡಿಯ ಮೇಲೆಯೇ ನಡೆದು ಬನ್ನಿ.