ಉಪಗ್ರಹದ ತಪ್ಪಲ್ಲ

ಚಾರ್ಮಾಡಿ ಘಾಟಿಯ ನಡುವೆ ಫೋನಿನ ನೆಟ್‌ವರ್ಕ್ ಕಡ್ಡಿಗಳೆಲ್ಲ ಮಾಯವಾದಾಗ ಕಾರಿನ ಹಿಂದಿನ ಸೀಟಿನಿಂದ ಒಂದು ಮಾತು ಬಂದೇ ಬರುತ್ತದೆ: ‘ಹೋಯ್ತು, ಜಿಪಿಎಸ್ ಹೋಯ್ತು.’ ಹೋಗಿರುವುದಿಲ್ಲ. ಮ್ಯಾಪಿನ ನೀಲಿ ಚುಕ್ಕೆ ತಿರುವಿನಿಂದ ತಿರುವಿಗೆ ನಮ್ಮ ಜೊತೆಗೇ ಇಳಿಯುತ್ತಿರುತ್ತದೆ. ಅದರ ಸುತ್ತ ರಸ್ತೆ ಮಾತ್ರ ಇಲ್ಲ, ಬರೀ ಬೂದುಬಣ್ಣ. ಚುಕ್ಕೆ ಬರುವುದು ಆಕಾಶದಿಂದ, ರಸ್ತೆಯ ಚಿತ್ರ ಬರುವುದು ಮೊಬೈಲ್ ಟವರಿನಿಂದ. ನಾವು ಎರಡನ್ನೂ ಒಂದೇ ಹೆಸರಿನಲ್ಲಿ ಕರೆದು, ದಾರಿ ತಪ್ಪಿದಾಗ ಮೇಲಿರುವವನನ್ನೇ ಬೈಯುತ್ತೇವೆ.

ಮೇಲಿರುವವನ ಕೆಲಸ ಬಹಳ ಚಿಕ್ಕದು. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹ ‘ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು’ ಎಂದು ಹೇಳುತ್ತಲೇ ಇರುತ್ತದೆ. ನಿಮ್ಮ ಕಾರು ಎಲ್ಲಿದೆ ಎಂಬುದು ಅದಕ್ಕೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಆ ಮಾತು ತಲುಪಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುವುದು ಫೋನಿನ ಕೆಲಸ. ಮೂರು ಉಪಗ್ರಹಗಳ ದೂರ ಸಿಕ್ಕರೆ ಜಾಗ ತಿಳಿಯಬೇಕು. ಆದರೆ ಫೋನಿನ ಗಡಿಯಾರ ಅಗ್ಗದ್ದು. ಅದು ಒಂದು ಮೈಕ್ರೊಸೆಕೆಂಡ್ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಆ ತಪ್ಪನ್ನು ತಿದ್ದಲು ನಾಲ್ಕನೆಯ ಉಪಗ್ರಹ ಬೇಕು. ಉಪಗ್ರಹದಲ್ಲಿರುವುದಾದರೋ ಪರಮಾಣು ಗಡಿಯಾರ. ಅದೂ ಐನ್‌ಸ್ಟೈನ್ ಹೇಳಿದಂತೆ ನಮ್ಮ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಒಂದೇ ದಿನದಲ್ಲಿ 10 ಕಿ.ಮೀ.ಗೂ ಹೆಚ್ಚು ಎಡವಟ್ಟು.

ಜಿಪಿಎಸ್ ಅಮೆರಿಕದ್ದು. ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕು ಮಾಡಿ ಕೊಡುತ್ತಿದ್ದ ಪದ್ಧತಿ 2000ದ ಮೇ ತಿಂಗಳಲ್ಲಿ ನಿಂತಿತು; ಕಾರಿನವರ ಪಾಲಿಗೆ ಅದು ನಿಜವಾಗಿ ಉಪಯೋಗಕ್ಕೆ ಬಂದದ್ದು ಆಮೇಲೆ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೊ, ನಮ್ಮ ನಾವಿಕ್ ಎಲ್ಲವೂ ಇದೇ ಕುಲದವು. ಇಡೀ ಕುಲದ ಹೆಸರು ಜಿಎನ್‌ಎಸ್‌ಎಸ್. ಫೋನಿನ ಜಾಹೀರಾತಿನಲ್ಲಿ ಈ ನಾಲ್ಕಕ್ಷರ ಕಂಡರೆ ಗಾಬರಿ ಬೇಡ. ನಾವಿಕ್‌ನ ಸಂಚಾಲನಾ ಕೇಂದ್ರ ಇರುವುದು ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ. 2013ರಲ್ಲಿ ಹಾರಿದ ಅದರ ಮೊದಲ ಉಪಗ್ರಹಕ್ಕೆ ಕೈಕೊಟ್ಟದ್ದೂ ಗಡಿಯಾರಗಳೇ, ಅವು ಹೊರಗಿನಿಂದ ತಂದವು. 2023ರ ಎನ್‌ವಿಎಸ್-01ರಲ್ಲಿ ಇಲ್ಲೇ ಮಾಡಿದ ಪರಮಾಣು ಗಡಿಯಾರ ಕೂತಿದೆ.

‘ಕೋಲ್ಡ್ ಸ್ಟಾರ್ಟ್’ ಎಂಬ ಮಾತಿಗೂ ನಮ್ಮ ಚಳಿಗಾಲದ ಕಾರಿಗೂ ಸಂಬಂಧವಿಲ್ಲ. ಬಹುದಿನ ಮುಚ್ಚಿಟ್ಟ ಯಂತ್ರಕ್ಕೆ ಯಾವ ಉಪಗ್ರಹ ಎಲ್ಲಿದೆ ಎಂಬುದೇ ಮರೆತಿರುತ್ತದೆ. ಅದು ಮೊದಲು ಆಲ್ಮನಾಕ್ ಓದಬೇಕು. ಆಲ್ಮನಾಕ್ ಎಂದರೆ ಪಂಚಾಂಗವೇ, ಎಲ್ಲ ಉಪಗ್ರಹಗಳ ಸ್ಥೂಲ ಚಲನೆ. ಒಂದೊಂದು ಉಪಗ್ರಹದ ಕರಾರುವಾಕ್ಕು ಲೆಕ್ಕ ಎಫೆಮೆರಿಸ್. ಜೋಯಿಸರಾದರೆ ಗ್ರಹಸ್ಫುಟ ಅಂದಾರು. ಉಪಗ್ರಹ ಇದನ್ನೆಲ್ಲ ಸೆಕೆಂಡಿಗೆ 50 ಬಿಟ್‌ನಂತೆ ತೊಟ್ಟಿಕ್ಕಿಸುತ್ತದೆ. ಇಡೀ ಪಂಚಾಂಗ ಇಳಿಯಲು ಹನ್ನೆರಡೂವರೆ ನಿಮಿಷ, ಸ್ಫುಟಕ್ಕೆ ಅರ್ಧ ನಿಮಿಷ. ಫೋನಿಗೆ ಇಷ್ಟು ತಾಳ್ಮೆ ಇಲ್ಲ, ಟವರಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಅದೇ ಎ-ಜಿಪಿಎಸ್. ಘಾಟಿಯ ನಡುವೆಯೇ ಫೋನ್ ಆಫ್ ಮಾಡಿ ಆನ್ ಮಾಡಿದರೆ ಚುಕ್ಕೆ ಮೂಡಲು ತಡವಾಗುವುದು ಇದರಿಂದ.

ಇನ್ನು ಎಲೆಕ್ಟ್ರಾನಿಕ್ ಸಿಟಿಯ ಎಲಿವೇಟೆಡ್ ರಸ್ತೆ. ಮೇಲೆ ಹೋಗುತ್ತಿದ್ದೀರಿ, ಯಂತ್ರ ಕೆಳಗಿನ ಸರ್ವಿಸ್ ರಸ್ತೆಗೆ ಹೊರಳಿ ಅನ್ನುತ್ತದೆ. ಸ್ಥಾನದ ಲೆಕ್ಕದಲ್ಲಿ ಕೆಲವು ಮೀಟರ್ ಆಚೀಚೆ ಸಹಜ, ಎತ್ತರದಲ್ಲಿ ಇನ್ನೂ ಹೆಚ್ಚು. ಹಾಗಾಗಿ ಆಪ್ ತಾನೇ ಊಹಿಸಿ ಚುಕ್ಕೆಯನ್ನು ಹತ್ತಿರದ ರಸ್ತೆಗೆ ಅಂಟಿಸುತ್ತದೆ. ಇದು ಮ್ಯಾಪ್ ಮ್ಯಾಚಿಂಗ್. ಒಂದರ ಮೇಲೊಂದು ರಸ್ತೆ ಕಟ್ಟಿದ ನಮ್ಮ ಊರಿಗೆ ಈ ಊಹೆ ಹೊಂದುವುದಿಲ್ಲ. ಗೂಗಲ್ ಮ್ಯಾಪ್ಸ್ 2024ರಲ್ಲಿ ಫ್ಲೈಓವರ್ ಹತ್ತಬೇಕೇ ಎಂದು ಮೊದಲೇ ಹೇಳುವ ಸೌಲಭ್ಯವನ್ನು ಭಾರತಕ್ಕೆ ತಂದದ್ದು ಸುಮ್ಮನೆ ಅಲ್ಲ. ಸುರಂಗದೊಳಗೆ ಆಕಾಶವೇ ಇಲ್ಲ. ಕಾರಿಗೇ ಜೋಡಿಸಿದ ಎಷ್ಟೋ ಯಂತ್ರಗಳು ಅಲ್ಲಿ ಚಕ್ರ ಎಷ್ಟು ಉರುಳಿತು, ಎತ್ತ ತಿರುಗಿತು ಎಂದು ಎಣಿಸಿ ನಡೆಸುತ್ತವೆ. ಇದಕ್ಕೆ ಡೆಡ್ ರೆಕನಿಂಗ್ ಎಂದು ಹೆಸರು. ಹಳೆಯ ವಿದ್ಯೆ ಇದು: 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾರಾಟಕ್ಕೆ ಬಂದ ಇಟಾಕ್ ಎಂಬ ಯಂತ್ರ ಉಪಗ್ರಹದ ನೆರವೇ ಇಲ್ಲದೆ, ಕ್ಯಾಸೆಟ್ಟಿನಲ್ಲಿ ತುಂಬಿದ ನಕ್ಷೆಯಿಂದ ದಾರಿ ತೋರಿಸುತ್ತಿತ್ತು.

ಮ್ಯಾಪಿನ ಕೆಂಪು ಗೆರೆಯೂ ಆಕಾಶದ್ದಲ್ಲ. ರಸ್ತೆಯಲ್ಲಿ ತೆವಳುತ್ತಿರುವ ನಮ್ಮ ನಿಮ್ಮ ಫೋನುಗಳೇ ಅದನ್ನು ಬಳಿಯುತ್ತವೆ. ಬರ್ಲಿನ್ನಿನ ಕಲಾವಿದ ಸೈಮನ್ ವೆಕರ್ಟ್ ಪುಟ್ಟ ಕೈಗಾಡಿಯಲ್ಲಿ 99 ಫೋನ್ ತುಂಬಿಕೊಂಡು ಖಾಲಿ ಬೀದಿಯಲ್ಲಿ ನಡೆದ. ಅವನು ಹೋದಲ್ಲೆಲ್ಲ ಗೂಗಲ್ ಮ್ಯಾಪಿನಲ್ಲಿ ಟ್ರಾಫಿಕ್ ಜಾಮ್! 2020ರಲ್ಲಿ ಅದರ ವಿಡಿಯೊ ಲೋಕವನ್ನೇ ನಗಿಸಿತು. ತಲುಪುವ ಹೊತ್ತು ಹೇಳುವ ಇಟಿಎ ನಿಂತಿರುವುದೂ ಇದೇ ಲೆಕ್ಕದ ಮೇಲೆ. ‘ಫಾಸ್ಟೆಸ್ಟ್’ ದಾರಿ ಒಂದು ನಿಮಿಷ ಉಳಿಸಲು ಮಲ್ಲೇಶ್ವರದ ಅಡ್ಡರಸ್ತೆಗೆ ನುಗ್ಗಿಸಬಲ್ಲದು. ನಾನಂತೂ ಒಂದು ನಿಮಿಷ ಬಿಟ್ಟುಕೊಡುತ್ತೇನೆ.

ನಗು ಬಾರದ ಸಂಗತಿಯೂ ಇದೆ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ, ಪ್ರವಾಹಕ್ಕೆ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಮ್ಯಾಪ್ ನೋಡಿ ಹೊರಟಿದ್ದರೆಂದು ವರದಿಯಾಯಿತು. ಉಪಗ್ರಹ ಅವರ ಜಾಗವನ್ನು ಸರಿಯಾಗಿಯೇ ಹೇಳಿರಬೇಕು. ಸೇತುವೆ ಮುರಿದದ್ದನ್ನು ನಕ್ಷೆಗೆ ಹೇಳಬೇಕಾದವರು, ರಸ್ತೆಗೆ ಅಡ್ಡ ಕಟ್ಟಬೇಕಾದವರು ನೆಲದ ಮೇಲಿದ್ದರು.

ಮೊನ್ನೆ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನುತ್ತ, ನೆಟ್‌ವರ್ಕ್ ಇರುವಾಗಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡೆ. ಘಾಟಿಯುದ್ದಕ್ಕೂ ಚುಕ್ಕೆಯೂ ಇತ್ತು, ರಸ್ತೆಯೂ ಇತ್ತು. ಹಿಂದಿನ ಸೀಟು ಸುಮ್ಮನಿತ್ತು. ಮಂಜಿನಲ್ಲಿ ಎದುರಿನ ಲಾರಿ ಮಾತ್ರ ಕಾಣುತ್ತಿರಲಿಲ್ಲ.